ಲಿಂಕ್ ಕಳಿಸುವುದಕ್ಕೆ ಮುಂಚೆ: ಕೌಶಲ್ಯ ತರಬೇತಿಯ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ರಾಜ್ಯದಲ್ಲಿ ಕೌಶಲ್ಯ ತರಬೇತಿಯನ್ನು ನೋಡಿಕೊಳ್ಳುವ ಅಧಿಕಾರಿಗಳಿಗೆ, ಜಿಲ್ಲಾ ಕೌಶಲ್ಯ ಸಮಿತಿಗಳ ಸದಸ್ಯರಿಗೆ, ಮತ್ತು ಈ ವಿಷಯದಲ್ಲಿ ಸಭೆ ಕರೆಯುವ ಎಲ್ಲ ಸಂಘ ಸಂಸ್ಥೆಗಳಿಗೆ,

ಮಾನ್ಯರೇ,

ಕೌಶಲ್ಯ ತರಬೇತಿ ಹೇಗಿರಬೇಕು ಅಂತ ಚರ್ಚೆ ಮಾಡಲು ಆಗಾಗ ಆನ್‌ಲೈನ್ ಸಭೆ ಕರೆಯುತ್ತಾರೆ. ಉದ್ಯಮಿಗಳು, ತರಬೇತಿ ಸಂಸ್ಥೆಯವರು, ಅಧಿಕಾರಿಗಳು, ವಿದ್ಯಾರ್ಥಿಗಳು ಎಲ್ಲರಿಗೂ ಲಿಂಕ್ ಹೋಗುತ್ತದೆ. ಇಂಥ ಸಭೆಗಳನ್ನು ನಡೆಸಿಕೊಡುವುದು ನನ್ನ ಕೆಲಸ. ಯಾರಿಗೆ ಮೊದಲು ಮಾತು ಕೊಡಬೇಕು, ಮಾತು ಎಲ್ಲೆಲ್ಲೋ ಹೋದರೆ ಹೇಗೆ ವಾಪಸ್ ತರಬೇಕು, ಕೊನೆಗೆ ಏನನ್ನು ಬರೆದಿಡಬೇಕು ಅನ್ನುವುದನ್ನು ನಾನು ನೋಡಿಕೊಳ್ಳುತ್ತೇನೆ. 2020ರ ಲಾಕ್‌ಡೌನ್ ಆದಮೇಲೆ ಇಂಥ ಸಭೆಗಳು ಮಾಮೂಲಾಗಿವೆ. ಬೇರೆ ಬೇರೆಯವರು ಕರೆದಿದ್ದಾರೆ, ಹೋಗಿ ನಡೆಸಿಕೊಟ್ಟಿದ್ದೇನೆ. ಅವರ ಹೆಸರು ಇಲ್ಲಿ ಬೇಡ. ನಾನು ಹೇಳಹೊರಟಿರುವುದು ಹೆಚ್ಚುಕಮ್ಮಿ ಎಲ್ಲ ಕಡೆ ಕಂಡದ್ದು.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ಕೆಲಸ ಕಲಿಯುವ ಹುಡುಗ ಹುಡುಗಿಯರು, ಅವರಿಗೆ ಕಲಿಸುವ ಜೆಟಿಓಗಳು (ಐಟಿಐಗಳ ಕಿರಿಯ ತರಬೇತಿ ಅಧಿಕಾರಿಗಳು), ಅವರನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಸಣ್ಣ ವರ್ಕ್‌ಶಾಪಿನವರು, ಈ ಮೂರು ಜನ ಮೊದಲು ಮಾತಾಡುವ ಹಾಗೆ ಸಭೆ ಏರ್ಪಡಿಸಿ. ಅವರು ಹೇಳಿದ್ದು ಏನಾಯಿತು ಅಂತ ಅವರಿಗೆ ಬರಹದಲ್ಲಿ ತಿಳಿಸಿ. ಇವೆರಡೂ ಆಗದಿದ್ದರೆ ಸಭೆ ನಡೆಯಿತು ಅಂತ ಫೈಲಿನಲ್ಲಿ ಬರೆದುಕೊಳ್ಳಬಹುದು, ಅಷ್ಟೇ. ತರಬೇತಿ ಇದ್ದ ಹಾಗೇ ಇರುತ್ತದೆ.

ಆನ್‌ಲೈನ್ ಬೇಡ ಅನ್ನುವವಳಲ್ಲ ನಾನು. ಬೀದರ್‌ನಿಂದ ಬೆಂಗಳೂರಿಗೆ ಬರಬೇಕು ಅಂದರೆ ರಾತ್ರಿಯೆಲ್ಲಾ ಪ್ರಯಾಣ. ಬಂದು ಸಭೆ ಮುಗಿಸಿ ವಾಪಸ್ ಹೋಗುವಷ್ಟರಲ್ಲಿ ಒಂದು ಸಣ್ಣ ವರ್ಕ್‌ಶಾಪ್ ಎರಡು ಮೂರು ದಿನ ಬಾಗಿಲು ಹಾಕಬೇಕು. ದಿನಗೂಲಿ ಬಿಟ್ಟು ಯಾರು ಬರುತ್ತಾರೆ ಹೇಳಿ? ಲಿಂಕ್ ಇದ್ದರೆ ಬೀದರ್‌ನ ವೆಲ್ಡರ್, ಚಾಮರಾಜನಗರದಲ್ಲಿ ಹೊಲಿಗೆ ಕಲಿಯುವ ಹುಡುಗಿ, ಪೀಣ್ಯದ ಫ್ಯಾಕ್ಟರಿಯ ಎಚ್‌ಆರ್ ಮೂವರೂ ಒಂದೇ ಹೊತ್ತಿಗೆ ಕೂತು ಮಾತಾಡಬಹುದು. ಹಿಂದೆ ಇದು ಆಗದ ಮಾತಾಗಿತ್ತು. ಅದಕ್ಕೇ, ಈ ಅವಕಾಶ ಕಣ್ಣೆದುರೇ ಹಾಳಾಗುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಈಗ ಸಭೆ ಹೇಗೆ ನಡೆಯುತ್ತದೆ ನೋಡಿ. ಬೆಳಿಗ್ಗೆ ಹನ್ನೊಂದಕ್ಕೆ ಶುರು. ಆ ಹೊತ್ತಿಗೆ ವರ್ಕ್‌ಶಾಪಿನವರು ಮಷೀನ್ ಮುಂದೆ ಇರುತ್ತಾರೆ, ಹುಡುಗರು ಕ್ಲಾಸಿನಲ್ಲಿ ಇರುತ್ತಾರೆ. ಮೊದಲು ಸ್ವಾಗತ, ಆಮೇಲೆ ಪ್ರಾಸ್ತಾವಿಕ ನುಡಿ, ಆಮೇಲೆ ಮುಖ್ಯ ಅತಿಥಿಗಳು. ನಂತರ ಇಂಗ್ಲಿಷ್‌ನಲ್ಲಿ ಪಿಪಿಟಿ. ಅದರಲ್ಲಿ ಎಷ್ಟು ಜನರಿಗೆ ತರಬೇತಿ ಕೊಟ್ಟೆವು, ಮುಂದಿನ ವರ್ಷ ಎಷ್ಟು ಜನರಿಗೆ ಕೊಡುತ್ತೇವೆ ಅನ್ನುವ ಲೆಕ್ಕ. ಎಲ್ಲ ಮುಗಿದಾಗ ಹತ್ತು ನಿಮಿಷ ಉಳಿದಿರುತ್ತದೆ. "ಈಗ ಯಾರಾದರೂ ಮಾತಾಡಬಹುದು" ಅಂತಾರೆ. ಅಷ್ಟು ಹೊತ್ತು ಮ್ಯೂಟ್‌ನಲ್ಲಿ ಕೂತವರಿಗೆ ಒಮ್ಮೆಲೇ ಮಾತಾಡಿ ಅಂದರೆ ಬಾಯಿ ಬರುತ್ತದೆಯೇ? ಮಾತಾಡುವುದು ದಿನಾ ಮಾತಾಡಿ ರೂಢಿ ಇರುವವರೇ. ಉಳಿದವರು ಒಂದು ನಮಸ್ಕಾರದ ಚಿತ್ರ ಹಾಕಿ ಹೊರಟುಹೋಗುತ್ತಾರೆ.

ಒಂದು ಸಭೆಯಲ್ಲಿ ಇನ್ನೇನು ವಂದನಾರ್ಪಣೆ ಶುರುವಾಗಬೇಕು, ಚಾಟ್ ಬಾಕ್ಸಿನಲ್ಲಿ ಒಂದು ಪ್ರಶ್ನೆ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಹೆಸರು ಇರಬೇಕಾದ ಜಾಗದಲ್ಲಿ ಫೋನಿನ ಮಾಡೆಲ್ ಇತ್ತು. "ಸೆಕೆಂಡ್ ಶಿಫ್ಟ್ ಬಿಡೋದು ರಾತ್ರಿ ಹತ್ತೂವರೆಗೆ. ನಮ್ಮೂರಿಗೆ ಕೊನೇ ಬಸ್ ಎಂಟು ಗಂಟೆಗೆ. ಕೋರ್ಸ್ ಚೆನ್ನಾಗಿದೆ, ಕೆಲಸಾನೂ ಕೊಡ್ತಾರೆ. ಮನೆಗೆ ಹೋಗೋದು ಹೇಗೆ?" ನಾನು ವಂದನಾರ್ಪಣೆ ತಡೆದು ಆ ಪ್ರಶ್ನೆ ಕೇಳಿದ ಹುಡುಗಿಗೆ ಮಾತಾಡಲು ಅವಕಾಶ ಕೊಟ್ಟೆ. ಅನ್‌ಮ್ಯೂಟ್ ಮಾಡಿದ ತಕ್ಷಣ ಹಿಂದೆ ಕಂಡಕ್ಟರ್ ಊರುಗಳ ಹೆಸರು ಕೂಗುವುದು ಕೇಳಿಸಿತು. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಸಭೆಗೆ ಸೇರಿದ್ದಳು. ಎಲೆಕ್ಟ್ರಿಷಿಯನ್ ಮುಗಿಸುತ್ತಿದ್ದ ಹುಡುಗಿ. ಅವಳ ಬ್ಯಾಚಿನಲ್ಲಿ ಇದೇ ಕಾರಣಕ್ಕೆ ಇನ್ನೂ ಕೆಲವರು ಕೆಲಸ ಬೇಡ ಅಂದಿದ್ದರಂತೆ. "ಶಕ್ತಿ ಯೋಜನೆ ಇದೆ ಮೇಡಂ, ಟಿಕೆಟ್ ಫ್ರೀ. ಆದ್ರೆ ಆ ಹೊತ್ತಿಗೆ ಬಸ್ಸೇ ಇಲ್ಲ" ಅಂದಳು.

ಯೋಚನೆ ಮಾಡಿ. ಆ ಸಭೆಯಲ್ಲಿ ಅಲ್ಲಿಯವರೆಗೆ ಯುವತಿಯರು ಯಾಕೆ ಕೆಲಸಕ್ಕೆ ಸೇರುವುದಿಲ್ಲ ಅನ್ನುವ ಬಗ್ಗೆ ಸಾಕಷ್ಟು ಮಾತಾಗಿತ್ತು. ಮನೆಯವರು ಬಿಡುವುದಿಲ್ಲ, ಆತ್ಮವಿಶ್ವಾಸ ಕಮ್ಮಿ, ಮನಸ್ಸಿನ ತಯಾರಿ ಇಲ್ಲ ಅಂತೆಲ್ಲಾ ಹೇಳಿದ್ದರು. ಅದಕ್ಕೆ ಸಾಫ್ಟ್ ಸ್ಕಿಲ್ಸ್ ತರಗತಿ ಇಡೋಣ ಅಂತ ಸಲಹೆಯೂ ಬಂದಿತ್ತು. ಅವಳು ಒಂದು ನಿಮಿಷದಲ್ಲಿ ನಿಜವಾದ ಕಾರಣ ಹೇಳಿದಳು. ಅದಕ್ಕೆ ಬೇಕಾಗಿದ್ದದ್ದು ಹತ್ತೂ ಮುಕ್ಕಾಲಿಗೆ ಒಂದು ಬಸ್. ಇಲ್ಲವೇ ಕಾರ್ಖಾನೆಯ ವ್ಯಾನ್. ಆದರೆ ಆ ಸಭೆಯಲ್ಲಿ ಬಸ್ ಡಿಪೋದವರು ಇರಲಿಲ್ಲ. ಅವರನ್ನು ಕರೆಯಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. "ಇದನ್ನು ಬೇರೆಯಾಗಿ ನೋಡೋಣ" ಅಂತ ಹೇಳಿ ಸಭೆ ಮುಗಿಸಿದರು. ನಡಾವಳಿ ಬಂದಾಗ ಹುಡುಕಿ ನೋಡಿದೆ. ಅವಳ ಪ್ರಶ್ನೆ ಅದರಲ್ಲಿ ಇರಲಿಲ್ಲ.

ಹಾಗಾಗಿ ನನ್ನ ಮೊದಲ ಬೇಡಿಕೆ ಕರೆಯುವವರ ಪಟ್ಟಿಯ ಬಗ್ಗೆ. ಪಟ್ಟಿ ಮಾಡುವಾಗ ಈಗ ಇರುವ ಮೇಲ್ ವಿಳಾಸಗಳನ್ನೇ ತೆಗೆದುಕೊಳ್ಳುತ್ತಾರೆ. ದೊಡ್ಡ ಕಂಪನಿಗಳ ಎಚ್‌ಆರ್, ಉದ್ಯಮಿಗಳ ಸಂಘದ ಪದಾಧಿಕಾರಿಗಳು, ತರಬೇತಿ ಕೊಡುವ ಖಾಸಗಿ ಸಂಸ್ಥೆಗಳು. ಇವರೆಲ್ಲ ಬೇಕು, ಬೇಡ ಅಂತಲ್ಲ. ಆದರೆ ಹಲವು ಯೋಜನೆಗಳಲ್ಲಿ ತರಬೇತಿ ಸಂಸ್ಥೆಗೆ ಹಣ ಬರುವುದು ಕಂತಿನಲ್ಲಿ. ಬ್ಯಾಚ್ ಶುರುವಾದಾಗ ಒಂದು ಕಂತು, ಪರೀಕ್ಷೆ ಪಾಸಾದಾಗ ಒಂದು, ಕೆಲಸ ಕೊಡಿಸಿದಾಗ ಒಂದು. ಅವರು ಸಭೆಯಲ್ಲಿ ಕಲಿಯುವವರ ಪರವಾಗಿ ಮಾತಾಡಿದರೆ ಅದು ಪೂರ್ತಿ ಕಲಿಯುವವರ ಮಾತಾಗುವುದಿಲ್ಲ. ಕೆಲಸ ಸಿಕ್ಕಿತು ಅನ್ನುವುದಕ್ಕೆ ಸಾಮಾನ್ಯವಾಗಿ ಮೂರು ತಿಂಗಳ ಲೆಕ್ಕ ಇಡುತ್ತಾರೆ. ನಾಲ್ಕನೇ ತಿಂಗಳು ಕೆಲಸ ಬಿಟ್ಟು ಊರಿಗೆ ಬಂದ ಹುಡುಗ ಎಲ್ಲ ಪಟ್ಟಿಗಳಿಂದಲೂ ಮಾಯ. ನನಗೆ ಕೇಳಿದರೆ, ಸಭೆಗೆ ಮೊದಲು ಕರೆಯಬೇಕಾದವನು ಅವನೇ. ಯಾಕೆ ಬಿಟ್ಟೆ ಅಂತ ಅವನು ಹೇಳುವ ಐದು ಮಾತು ಆ ಪಿಪಿಟಿಗಿಂತ ಜಾಸ್ತಿ ಕಲಿಸುತ್ತದೆ.

ಇದು ಹೊಸ ವಿಷಯವೂ ಅಲ್ಲ. ಕೇಂದ್ರ ಸರ್ಕಾರ ನೇಮಿಸಿದ್ದ ಶಾರದಾ ಪ್ರಸಾದ್ ಸಮಿತಿ ಕ್ಷೇತ್ರವಾರು ಕೌಶಲ್ಯ ಮಂಡಳಿಗಳ (ಒಂದೊಂದು ಉದ್ಯಮಕ್ಕೆ ಬೇಕಾದ ಕೌಶಲ್ಯ ಏನೆಂದು ಗೊತ್ತುಮಾಡುವ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ಗಳ) ಕೆಲಸವನ್ನು ಪರಿಶೀಲಿಸಿ 2016ರಲ್ಲೇ ವರದಿ ಕೊಟ್ಟಿತು. ಎಲ್ಲರೂ ಸಂಖ್ಯೆಯ ಹಿಂದೆ ಓಡುತ್ತಿದ್ದಾರೆ, ಯುವಕರಿಗೆ ಕೆಲಸವೂ ಸಿಗುತ್ತಿಲ್ಲ, ಉದ್ಯಮದ ಅಗತ್ಯವೂ ಪೂರೈಸುತ್ತಿಲ್ಲ ಅಂತ ಅದು ಹೇಳಿತ್ತು. ಕೇಂದ್ರದ ಕೌಶಲ್ಯ ಅಭಿಯಾನ ಸ್ಕಿಲ್ ಇಂಡಿಯಾ ಶುರುವಾಗಿ ಆಗ ಒಂದೂವರೆ ವರ್ಷವೂ ಆಗಿರಲಿಲ್ಲ.

ಸಣ್ಣ ವರ್ಕ್‌ಶಾಪಿನವರ ಮಾತಿಗೆ ಬರುತ್ತೇನೆ. ಬೆಳಗಾವಿಯ ಉದ್ಯಮಬಾಗ್ ಕಡೆಯ ಮಾಲೀಕರೊಬ್ಬರು ಒಂದು ಸಭೆಯಲ್ಲಿ ಇದ್ದರು. ಅವರ ಸರದಿ ಬಂದಾಗ ಲೇತ್‌ನಲ್ಲಿ ತಿರುವಿದ ಒಂದು ಬುಷ್ (ಸಣ್ಣ ಕೊಳವೆಯಂಥ ಬಿಡಿಭಾಗ) ತಂದು ಕ್ಯಾಮೆರಾ ಮುಂದೆ ಹಿಡಿದರು. "ಇದರ ಬೋರ್ ಇಪ್ಪತ್ತು ಮೈಕ್ರಾನ್ ಜಾಸ್ತಿ ಆದ್ರೆ ಕಂಪನಿ ವಾಪಸ್ ಕಳಿಸ್ತದ. ನನಗೆ ರೋಬೋಟ್ ಗೊತ್ತಿರೋ ಹುಡುಗ ಬ್ಯಾಡ್ರಿ. ಡ್ರಾಯಿಂಗ್ ಓದೋದು ಬರಲಿ, ಮೈಕ್ರೋಮೀಟರ್ ಹಿಡಿಯೋದು ಬರಲಿ. ಉಳಿದದ್ದು ನಾ ಕಲಿಸ್ತೀನಿ" ಅಂದರು. ಆಮೇಲೆ ಸ್ವಲ್ಪ ಸುಮ್ಮನಿದ್ದು, "ಕಲಿಸಿದ ಮ್ಯಾಲೆ ಅಂವಾ ಪುಣೆಗೆ ಹೋಗ್ತಾನ. ತಪ್ಪಂತ ಹೇಳಂಗಿಲ್ಲ, ಅಲ್ಲಿ ಪಗಾರ ಜಾಸ್ತಿ. ಆದ್ರ ಕಲಿಸಿದ ಖರ್ಚು ಯಾರ ಕೊಡಬೇಕು?" ಅಂತ ಕೇಳಿದರು.

ಬಹಳ ಸರಿಯಾದ ಪ್ರಶ್ನೆ ಅದು. ಕೆಲಸದ ಜಾಗದಲ್ಲೇ ಸ್ಟೈಪೆಂಡ್ ಪಡೆದು ಕಲಿಯುವವರಿಗಾಗಿ ನಮ್ಮಲ್ಲಿ ಅಪ್ರೆಂಟಿಸ್ ಕಾಯ್ದೆ 1961ರಿಂದ ಇದೆ. 2019ರ ನಿಯಮ ತಿದ್ದುಪಡಿ ಪ್ರಕಾರ 30 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ಒಟ್ಟು ಕೆಲಸಗಾರರಲ್ಲಿ ಶೇಕಡಾ 2.5ರಿಂದ 15ರವರೆಗೆ ಅಪ್ರೆಂಟಿಸ್‌ಗಳು ಇರಬೇಕು. 4ರಿಂದ 29 ಜನ ಇರುವ ಕಡೆ ಅದು ಅವರವರ ಇಷ್ಟ. ಹಾಗಾಗಿ ಹತ್ತು ಹನ್ನೆರಡು ಜನರ ವರ್ಕ್‌ಶಾಪ್ ಯಾರ ಲೆಕ್ಕಕ್ಕೂ ಬರುವುದಿಲ್ಲ, ಯಾರೂ ಅವರನ್ನು ಕರೆಯುವುದೂ ಇಲ್ಲ. ಆದರೆ ಐಟಿಐ ಮುಗಿಸಿದ ಎಷ್ಟೋ ಹುಡುಗರು ಮೊದಲ ಸಲ ಕೈಗೆ ಮಸಿ ಮಾಡಿಕೊಳ್ಳುವುದು ಅಂಥ ಕಡೆಯೇ. ಅಪ್ರೆಂಟಿಸ್‌ಗೆ ಕೊಡುವ ಸ್ಟೈಪೆಂಡಿನಲ್ಲಿ ಕಾಲು ಭಾಗವನ್ನು, ತಿಂಗಳಿಗೆ ಗರಿಷ್ಠ 1,500 ರೂಪಾಯಿಯವರೆಗೆ, ಸರ್ಕಾರವೇ ಭರಿಸುವ ಯೋಜನೆ 2016ರಿಂದ ಇದೆ. ಸಣ್ಣವರ ಪರವಾಗಿ ಸಂಘವೋ ಇನ್ನೊಂದು ಸಂಸ್ಥೆಯೋ ನಡುವೆ ನಿಂತು ಪೋರ್ಟಲ್ ಕೆಲಸ, ಕಾಗದಪತ್ರ ಎಲ್ಲ ಮಾಡಿಕೊಡಲೂ ದಾರಿ ಇದೆ. ಬೆಳಗಾವಿಯ ಆ ಮಾಲೀಕರಿಗೆ ಇದು ಗೊತ್ತಿರಲಿಲ್ಲ. ಸಭೆಯಲ್ಲಿ ಇದ್ದ ಬೇರೆ ಮಾಲೀಕರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಅಧಿಕಾರಿ ಇನ್ನೊಂದು ಮೀಟಿಂಗ್ ಇದೆ ಅಂತ ಭಾಷಣ ಮುಗಿಸಿ ಹೋಗಿದ್ದರು.

ಇದನ್ನು ಒತ್ತಿ ಹೇಳಬೇಕು. ದೊಡ್ಡವರು ಮೊದಲು ಮಾತಾಡಿ ಎದ್ದು ಹೋಗುವ ಪದ್ಧತಿ ನಿಲ್ಲಬೇಕು. ಸಭೆಯಲ್ಲಿ ಉತ್ತರ ಕೊಡುವ ಅಧಿಕಾರ ಇರುವವರು ಕೊನೆಯಲ್ಲಿ ಮಾತಾಡಲಿ. ಅಲ್ಲಿಯವರೆಗೆ ಕ್ಯಾಮೆರಾ ಆನ್ ಇಟ್ಟುಕೊಂಡು ಕೂತು ಕೇಳಲಿ. ಅವರಿಗೆ ಮುಕ್ಕಾಲು ಗಂಟೆ ಮಾತ್ರ ಬಿಡುವಿದ್ದರೆ ಸಭೆಯನ್ನೇ ಮುಕ್ಕಾಲು ಗಂಟೆ ಮಾಡೋಣ. ಸ್ವಾಗತ ಭಾಷಣ ಬಿಟ್ಟರೆ ಆರಾಮಾಗಿ ಸಾಲುತ್ತದೆ.

ಇನ್ನು ಜೆಟಿಓಗಳು. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯ ಸರ್ಕಾರ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಿತು. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಷೀನ್ ಬಂತು, ರೋಬೋಟಿಕ್ಸ್ ಬಂತು, ಎಲೆಕ್ಟ್ರಿಕ್ ವಾಹನದ ಕೋರ್ಸ್ ಬಂತು. ಒಳ್ಳೆಯ ಕೆಲಸ. ಹಳ್ಳಿಯ ಮಕ್ಕಳ ಕೈಗೆ ಅಂಥ ಮಷೀನ್ ಸಿಗಬೇಕು ಅಂತ ಆಸೆಪಡುವವರಲ್ಲಿ ನಾನೂ ಒಬ್ಬಳು. ಆದರೆ ಮಷೀನ್ ಬಂದ ಮೇಲೆ ಶುರುವಾಗುವ ಪ್ರಶ್ನೆಗಳಿಗೆ ಉತ್ತರ ಇರುವುದು ದಿನಾ ಅದರ ಮುಂದೆ ನಿಲ್ಲುವ ಶಿಕ್ಷಕರ ಹತ್ತಿರ. ವಾರಂಟಿ ಮುಗಿದ ಮೇಲೆ ರಿಪೇರಿಗೆ ಯಾರನ್ನು ಕರೆಯಬೇಕು? ಕರೆಂಟ್ ಹೋಗಿ ಬಂದು ಮಾಡಿದರೆ ಮಷೀನ್ ತಡೆಯುತ್ತದೆಯೇ? ಟೂಲ್ ಮುರಿದರೆ ಹೊಸದು ತರಲು ದುಡ್ಡು ಯಾವ ಲೆಕ್ಕದಲ್ಲಿ? ಇದನ್ನು ಪ್ರಾಂಶುಪಾಲರನ್ನು ಕೇಳಿದರೆ ಸಿಗುವ ಉತ್ತರ ಬೇರೆ, ಜೆಟಿಓ ಹೇಳುವ ಉತ್ತರ ಬೇರೆ.

ಬೇರೊಂದು ತರಬೇತಿ ಸಂಸ್ಥೆಯ ಶಿಕ್ಷಕರೊಬ್ಬರಿಗೆ ನಾನು ಸಭೆಯ ಮುಂಚೆಯೇ ಫೋನ್ ಮಾಡಿ ಕೇಳಿದ್ದೆ: ಪಿಪಿಟಿ ಬೇಡ ಸರ್, ಫೋನ್ ಹಿಡಿದು ವರ್ಕ್‌ಶಾಪ್ ತೋರಿಸುತ್ತೀರಾ? ಅವರು ಹಾಗೇ ಮಾಡಿದರು. ಫೋನ್ ಹಿಡಿದು ಒಂದು ಸುತ್ತು ಹಾಕಿದರು. ಬೆಂಚಿನ ಮೇಲೆ ಸಾಲಾಗಿ ವೈಸ್‌ಗಳು, ಒಂದೊಂದು ವೈಸ್ ಮುಂದೆ ಇಬ್ಬರು ಹುಡುಗರು. ಒಬ್ಬ ಅರ ಹಾಕುತ್ತಿದ್ದರೆ ಇನ್ನೊಬ್ಬ ತನ್ನ ಸರದಿಗೆ ಕಾಯುತ್ತಿದ್ದ. ಮೂಲೆಯಲ್ಲಿ ಒಂದು ಹೊಸ ಲೇತ್, ಮೇಲೆ ಪ್ಲಾಸ್ಟಿಕ್ ಹೊದಿಕೆ. ಅವರು ಹೊದಿಕೆ ಸರಿಸಿ ತೋರಿಸಿದರು. ಮಷೀನ್ ಚೊಕ್ಕಟವಾಗಿತ್ತು, ಎಲ್ಲೂ ತುಕ್ಕು ಇರಲಿಲ್ಲ. "ಇದನ್ನ ನಾನೇ ವಾರಕ್ಕೊಂದು ಸಲ ಎಣ್ಣೆ ಹಾಕಿ ಒರೆಸ್ತೀನಿ. ನಡೆಸೋಕೆ ಕೂಲೆಂಟ್ ಬೇಕು, ಎಂಎಸ್ ರಾಡ್ ಬೇಕು. ಅದಕ್ಕೆ ದುಡ್ಡು ಬರೋದು ವರ್ಷದ ಕೊನೆಗೆ. ಅಷ್ಟೊತ್ತಿಗೆ ಹುಡುಗರ ಪರೀಕ್ಷೆ ಹತ್ತಿರ ಬಂದಿರುತ್ತೆ" ಅಂದರು. ಆ ಸಭೆಯಲ್ಲಿ ಅದಕ್ಕಿಂತ ಮುಂಚೆ ಮಷೀನ್ ಖರೀದಿಯ ಬಗ್ಗೆ ಮಾತಾಡಿದ್ದವರು ಸುಮ್ಮನಾದರು. ಕಚ್ಚಾ ಸಾಮಗ್ರಿಯ ಹಣ ಯಾವ ತಿಂಗಳು ಬಿಡುಗಡೆ ಆಗುತ್ತದೆ ಅನ್ನುವುದೇ ಆಮೇಲೆ ಚರ್ಚೆಯ ವಿಷಯವಾಯಿತು. ನಾನು ನಡೆಸಿದ ಸಭೆಗಳಲ್ಲಿ ಒಳ್ಳೆಯ ಅರ್ಧ ಗಂಟೆ ಅಂದರೆ ಅದು.

ಆನ್‌ಲೈನ್ ಸಭೆಗೆ ಮಾತ್ರ ಇರುವ ಶಕ್ತಿ ಇದು. ಬೆಂಗಳೂರಿನ ಹೋಟೆಲ್ ಹಾಲ್‌ನಲ್ಲಿ ಸೇರಿದ್ದರೆ ಆ ಲೇತ್ ಯಾರಿಗೂ ಕಾಣುತ್ತಿರಲಿಲ್ಲ. ಈ ಶಕ್ತಿಯನ್ನು ದಯವಿಟ್ಟು ಬಳಸಿಕೊಳ್ಳಿ.

ವಿದ್ಯಾರ್ಥಿಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಅವರನ್ನು ಕಂಪ್ಯೂಟರ್ ಲ್ಯಾಬಿನಲ್ಲಿ ಸಾಲಾಗಿ ಕೂರಿಸಿ, ಪಕ್ಕದಲ್ಲಿ ಪ್ರಾಂಶುಪಾಲರು ನಿಂತು, "ಹೇಳಪ್ಪಾ, ತರಬೇತಿ ಹೇಗಿದೆ ಅಂತ ಹೇಳು" ಅಂದರೆ ಅವನು ಏನು ಹೇಳುತ್ತಾನೆ? "ಚೆನ್ನಾಗಿದೆ ಸರ್" ಅಂತಾನೆ. ಅಂಥ ಉತ್ತರ ಕೇಳಿ ಕೇಳಿ ಸಾಕಾಗಿದೆ. ಆ ಹುಡುಗನ ತಪ್ಪಲ್ಲ. ಇಂಟರ್ನಲ್ ಮಾರ್ಕ್ಸ್, ಹಾಜರಾತಿ, ಕ್ಯಾಂಪಸ್ ಇಂಟರ್‌ವ್ಯೂಗೆ ಹೆಸರು ಕಳಿಸುವುದು ಎಲ್ಲವೂ ಪಕ್ಕದಲ್ಲಿ ನಿಂತವರ ಕೈಯಲ್ಲಿದೆ. ವಿದ್ಯಾರ್ಥಿಗಳು ಮನೆಯಿಂದ, ಅವರವರ ಫೋನಿನಿಂದ, ಸಂಜೆ ಏಳರ ಮೇಲೆ ಸೇರಲಿ. ಅವರಿಗೆ ಬೇರೆ ಬ್ರೇಕ್‌ಔಟ್ ರೂಮ್ (ಅದೇ ಸಭೆಯೊಳಗೆ ಪ್ರತ್ಯೇಕ ಕೋಣೆ) ಇರಲಿ, ಅಲ್ಲಿ ರೆಕಾರ್ಡಿಂಗ್ ಬೇಡ. ಬರೆದುಕೊಳ್ಳುವವರು ಹೆಸರು ಬಿಟ್ಟು ಮಾತು ಮಾತ್ರ ಬರೆದುಕೊಳ್ಳಲಿ. ಜೆಟಿಓಗಳಿಗೂ ಹೀಗೇ ಬೇರೆ ರೂಮ್. ಮೇಲಧಿಕಾರಿ ಕೇಳಿಸಿಕೊಳ್ಳುತ್ತಿರುವಾಗ ಮಷೀನ್ ಬಳಸದೆ ಸುಮ್ಮನೆ ಬಿದ್ದಿದೆ ಅಂತ ಹೇಳಲು ಯಾವ ನೌಕರನಿಗೆ ಧೈರ್ಯ ಬರುತ್ತದೆ?

ಭಾಷೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಭೆ ಕನ್ನಡದಲ್ಲಿ ನಡೆಯಲಿ. ಯಂತ್ರದ ಹೆಸರು, ಕೋರ್ಸಿನ ಹೆಸರು ಇಂಗ್ಲಿಷ್‌ನಲ್ಲೇ ಇರಲಿ, ಅದು ಎಲ್ಲರಿಗೂ ಗೊತ್ತು. ಕನ್ನಡ ಬಾರದ ಕಂಪನಿ ಅಧಿಕಾರಿ ಇದ್ದರೆ ಅವರಿಗೆ ಒಬ್ಬರು ಚಾಟ್‌ನಲ್ಲಿ ಸಾರಾಂಶ ಬರೆಯುತ್ತಾ ಹೋಗಲಿ. ಈಗ ಉಲ್ಟಾ ನಡೆಯುತ್ತಿದೆ. ಇಂಗ್ಲಿಷ್ ಬಲ್ಲ ನಾಲ್ವರಿಗಾಗಿ ಉಳಿದವರೆಲ್ಲ ಬಾಯಿ ಮುಚ್ಚಿ ಕೂರುತ್ತಾರೆ. ಕಿವಿ ಕೇಳದ ಅಭ್ಯರ್ಥಿಗಳು ಇದ್ದರೆ ಸಂಜ್ಞೆ ಭಾಷೆಯವರನ್ನು ಮೊದಲೇ ಗೊತ್ತುಮಾಡಿ, ಅವರ ಚಿತ್ರ ಪರದೆಯಲ್ಲಿ ಪೂರ್ತಿ ಹೊತ್ತು ಕಾಣುವ ಹಾಗೆ ಇಡಿ.

ಮುಂಚಿನ ತಯಾರಿಯ ಬಗ್ಗೆ ಮಾತ್ರ ಸ್ವಲ್ಪ ಹೇಳಲೇಬೇಕು. ನನ್ನ ಅನುಭವದಲ್ಲಿ ಸಭೆಯ ಮುಕ್ಕಾಲು ಕೆಲಸ ಲಿಂಕ್ ಕಳಿಸುವುದಕ್ಕೆ ಮುಂಚೆ ಮುಗಿದಿರಬೇಕು. ವಾಟ್ಸಾಪ್ ಗುಂಪಿಗೆ ಒಂದು ಸುತ್ತೋಲೆ ಎಸೆದರೆ ಯಾರೂ ಬರುವುದಿಲ್ಲ. ಫೋನ್ ಮಾಡಬೇಕು. ಫೋನ್ ಮಾಡಿ "ಸಭೆಗೆ ಬನ್ನಿ" ಅಂದರೂ ಸಾಲದು. "ನಿಮ್ಮ ವರ್ಕ್‌ಶಾಪಿನಲ್ಲಿ ಹೊಸ ಹುಡುಗ ಬಂದಾಗ ಮೊದಲ ತಿಂಗಳು ಏನು ಕಷ್ಟ ಆಗುತ್ತದೆ, ಅದನ್ನು ಮೂರು ನಿಮಿಷ ಹೇಳುತ್ತೀರಾ?" ಅಂತ ಕೇಳಬೇಕು. ಆಗ ಜನ ಯೋಚಿಸುತ್ತಾರೆ, ಮನೆಯಲ್ಲಿ, ಕೆಲಸದಲ್ಲಿ ನಾಲ್ಕು ಜನರನ್ನು ಕೇಳುತ್ತಾರೆ, ತಯಾರಾಗಿ ಬರುತ್ತಾರೆ. ಚರ್ಚೆಯ ವಿಷಯವನ್ನು ಎರಡು ಪುಟದಲ್ಲಿ, ಸರಳ ಕನ್ನಡದಲ್ಲಿ ಬರೆದು ಒಂದು ವಾರ ಮುಂಚೆ ಕಳಿಸಿ. ಓದಲು ಪುರುಸೊತ್ತಿಲ್ಲದವರಿಗೆ ಅದನ್ನೇ ವಾಯ್ಸ್ ಮೆಸೇಜ್ ಮಾಡಿ ಕಳಿಸಿ. ಬರಲಾಗದವರು ತಮ್ಮ ಮಾತನ್ನು ವಾಯ್ಸ್ ಮೆಸೇಜಿನಲ್ಲೇ ವಾಪಸ್ ಕಳಿಸಲಿ, ಸಭೆಯಲ್ಲಿ ಅದನ್ನು ಎಲ್ಲರಿಗೂ ಕೇಳಿಸೋಣ. ನೆಟ್‌ವರ್ಕ್ ಇಲ್ಲದ ಊರಿನವರು ವಿಡಿಯೋ ಇಲ್ಲದೆ ಬರೀ ಫೋನ್ ಕರೆಯಲ್ಲಿ ಸೇರುವ ವ್ಯವಸ್ಥೆ ಇರಲಿ. ಡೇಟಾ ಖರ್ಚಿಗೆ ವಿದ್ಯಾರ್ಥಿಗಳಿಗೆ ಒಂದು ರೀಚಾರ್ಜ್ ಮಾಡಿಸಿಕೊಡಿ. ಹೋಟೆಲಿನ ಊಟದ ಖರ್ಚು ಉಳಿದಿದೆಯಲ್ಲ, ಅದರಲ್ಲಿ ಇದು ದೊಡ್ಡದಲ್ಲ.

ರಾಜ್ಯಕ್ಕೆಲ್ಲಾ ಸೇರಿಸಿ ಒಂದೇ ದೊಡ್ಡ ಸಭೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರ ಕಷ್ಟ ಬೇರೆ. ನರಸಾಪುರ, ದೇವನಹಳ್ಳಿ ಕಡೆ ಐಫೋನ್ ಜೋಡಿಸುವ ಕಾರ್ಖಾನೆಗೆ ದೂರದ ಊರಿಂದ ಬಂದು ಹಾಸ್ಟೆಲ್‌ನಲ್ಲಿ ಇರುವ ಹುಡುಗಿಯರ ಕಷ್ಟ ಬೇರೆ. ಚನ್ನಪಟ್ಟಣದ ಬೊಂಬೆ ಕುಶಲಕರ್ಮಿಯ ಮಗ ಅದೇ ಕೆಲಸದಲ್ಲಿ ಉಳಿಯಬೇಕೋ ಬಿಡಬೇಕೋ ಅನ್ನುವ ಪ್ರಶ್ನೆ ಇನ್ನೂ ಬೇರೆ. ಇವರನ್ನೆಲ್ಲಾ ಒಂದೇ ಪರದೆಗೆ ತುಂಬಿದರೆ ಯಾರ ಮಾತೂ ಪೂರ್ತಿ ಆಗುವುದಿಲ್ಲ. ಜಿಲ್ಲಾಧಿಕಾರಿಗಳ ನೇತೃತ್ವದ ಜಿಲ್ಲಾ ಕೌಶಲ್ಯ ಸಮಿತಿಗಳು ಇವೆ. ಸಭೆಯನ್ನು ಅವರು ಕರೆಯಲಿ. ಆಗ ಬಸ್ ಡಿಪೋ ಮ್ಯಾನೇಜರ್, ಹಾಸ್ಟೆಲ್ ನೋಡಿಕೊಳ್ಳುವವರು, ಬೆಸ್ಕಾಂ ಹೆಸ್ಕಾಂ ಇಂಜಿನಿಯರ್ ಎಲ್ಲರನ್ನೂ ಕರೆಯುವುದು ಸುಲಭ. ಜಿಲ್ಲಾಧಿಕಾರಿ ಕರೆದರೆ ಅವರು ಬಂದೇ ಬರುತ್ತಾರೆ.

ಇನ್ನೊಬ್ಬರನ್ನು ಕರೆಯಲು ಎಲ್ಲರೂ ಮರೆಯುತ್ತಾರೆ. ಕಾರ್ಮಿಕ ಸಂಘದವರು. ನಾನು ನಡೆಸಿದ ಸಭೆಗಳಲ್ಲಿ ಅವರನ್ನು ಕಂಡದ್ದೇ ಅಪರೂಪ. ನಮ್ಮ ರಾಜ್ಯಕ್ಕೆ ಹೊರದೇಶದ ತರಬೇತಿ ಮಾದರಿಗಳು ಹೊಸದಲ್ಲ. ಡೆನ್ಮಾರ್ಕ್ ಸಹಕಾರದಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿ ಇವತ್ತಿಗೂ ಟೂಲ್ ಅಂಡ್ ಡೈ (ಉಪಕರಣ, ಅಚ್ಚು ತಯಾರಿಕೆ) ಕಲಿಸುವುದರಲ್ಲಿ ದೊಡ್ಡ ಹೆಸರು. ಜರ್ಮನಿಯ ನೆರವಿನಿಂದ ಬೆಂಗಳೂರು, ಕಲಬುರಗಿಯಲ್ಲಿ ಕರ್ನಾಟಕ ಜರ್ಮನ್ ತಾಂತ್ರಿಕ ತರಬೇತಿ ಸಂಸ್ಥೆ ಬಂತು, ಆಮೇಲೆ ಬೇರೆ ಊರುಗಳಿಗೂ ಹಬ್ಬಿತು. ಅಲ್ಲಿಂದ ಪಾಠಕ್ರಮ ತಂದೆವು, ಮಷೀನ್ ತಂದೆವು. ಜರ್ಮನಿಯಲ್ಲಿ ಆ ಪಾಠಕ್ರಮ ಯಾರು ಕೂತು ಮಾಡುತ್ತಾರೆ ಅನ್ನುವುದನ್ನು ಮಾತ್ರ ತರಲಿಲ್ಲ. ಅಲ್ಲಿ ವೃತ್ತಿ ತರಬೇತಿಗೆ 1969ರಿಂದ ಒಂದು ಕಾಯ್ದೆ ಇದೆ. ಅದರಡಿ 1970ರಲ್ಲಿ ಒಂದು ರಾಷ್ಟ್ರೀಯ ಸಂಸ್ಥೆ ಹುಟ್ಟಿತು, ಈಗ ಅದು ಬಾನ್ ನಗರದಲ್ಲಿದೆ. ಅದರ ಮುಖ್ಯ ಸಮಿತಿಯಲ್ಲಿ ಮಾಲೀಕರು, ಕಾರ್ಮಿಕ ಸಂಘಗಳು, ರಾಜ್ಯಗಳು, ಕೇಂದ್ರ ಸರ್ಕಾರ ಈ ನಾಲ್ಕೂ ಕಡೆಯವರಿಗೆ ಸಮಾನ ಮತ ಇದೆ. ಒಬ್ಬ ಫಿಟ್ಟರ್ ಏನು ಕಲಿಯಬೇಕು ಅಂತ ಬರೆಯುವಾಗ ಕಾರ್ಮಿಕ ಸಂಘದ ಪ್ರತಿನಿಧಿಯೂ ಜೊತೆಗೆ ಕೂತಿರುತ್ತಾನೆ. ನಮಗೆ ಅಷ್ಟು ದೊಡ್ಡ ಏರ್ಪಾಡು ನಾಳೆಯೇ ಆಗದಿರಬಹುದು. ಒಂದು ಆನ್‌ಲೈನ್ ಸಭೆಗೆ ಅವರನ್ನು ಕರೆಯುವುದಂತೂ ಆಗುತ್ತದೆ ಅಲ್ವಾ?

ಕೊನೆಯದಾಗಿ, ಸಭೆ ಮುಗಿದ ಮೇಲಿನ ಕೆಲಸ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಒಂದೇ ಜನರನ್ನು ಎರಡನೇ ಸಲ ಸಭೆಗೆ ಕರೆದಾಗ ಫೋನಿನಲ್ಲಿ ಕೇಳುವ ಮೊದಲ ಮಾತು ಏನು ಗೊತ್ತಾ? "ಹೋದ ಸಲ ಹೇಳಿದ್ದು ಏನಾಯ್ತು ಮೇಡಂ?" ನನ್ನ ಹತ್ತಿರ ಉತ್ತರ ಇರುವುದಿಲ್ಲ. ನಡಾವಳಿಯಲ್ಲಿ "ಚರ್ಚಿಸಲಾಯಿತು", "ಪರಿಶೀಲಿಸಲು ತೀರ್ಮಾನಿಸಲಾಯಿತು" ಅಂತ ಇರುತ್ತದೆ. ಯಾರು ಪರಿಶೀಲಿಸಬೇಕು, ಯಾವಾಗ ಅನ್ನುವುದು ಇರುವುದಿಲ್ಲ. ಆ ನಡಾವಳಿಯೂ ಇಂಗ್ಲಿಷ್‌ನಲ್ಲಿ ಬಂದು ಅಧಿಕಾರಿಗಳ ಮೇಲ್‌ನಲ್ಲೇ ಉಳಿಯುತ್ತದೆ, ಮಾತಾಡಿದವರಿಗೆ ತಲುಪುವುದಿಲ್ಲ.

ಸಭೆಯಾದ ಒಂದು ತಿಂಗಳೊಳಗೆ ಒಂದು ಪುಟ ಸಾಕು. ಯಾರು ಏನು ಕೇಳಿದರು, ಅದಕ್ಕೆ ಏನು ಮಾಡುತ್ತೇವೆ, ಯಾರು ಮಾಡುತ್ತಾರೆ, ಯಾವ ತಾರೀಖಿನೊಳಗೆ. ಆಗದಿದ್ದರೆ ಆಗುವುದಿಲ್ಲ ಅಂತ ಬರೆಯಿರಿ, ಯಾಕೆ ಅಂತಲೂ ಬರೆಯಿರಿ. "ಆ ರೂಟಿನಲ್ಲಿ ರಾತ್ರಿ ಬಸ್ ಬಿಡುವಷ್ಟು ಜನ ಇಲ್ಲ, ಕಾರ್ಖಾನೆಗೆ ವ್ಯಾನ್ ಬಿಡಲು ಪತ್ರ ಬರೆದಿದ್ದೇವೆ" ಅಂತ ಒಂದು ಸಾಲು ಬಂದಿದ್ದರೆ ಆ ಹುಡುಗಿ ಮುಂದಿನ ಸಭೆಗೂ ಬರುತ್ತಿದ್ದಳು, ಜೊತೆಗೆ ಇನ್ನಿಬ್ಬರನ್ನು ಕರೆತರುತ್ತಿದ್ದಳು. ಮಾಲೀಕರಿಗೆ ಅಪ್ರೆಂಟಿಸ್ ಯೋಜನೆಯ ವಿವರ, ಯಾರಿಗೆ ಫೋನ್ ಮಾಡಬೇಕು ಅನ್ನುವುದು ಕನ್ನಡದಲ್ಲಿ ಒಂದು ಪುಟ ಸಿಕ್ಕಿದ್ದರೆ ಅವರು ತಮ್ಮ ಅಕ್ಕಪಕ್ಕದ ಹತ್ತು ವರ್ಕ್‌ಶಾಪಿಗೆ ತೋರಿಸುತ್ತಿದ್ದರು. ಆ ಒಂದು ಪುಟ ಬಂದವರೆಲ್ಲರ ವಾಟ್ಸಾಪಿಗೆ ಹೋಗಲಿ, ಜಿಲ್ಲಾ ಪಂಚಾಯಿತಿಯ ನೋಟಿಸ್ ಬೋರ್ಡಿನಲ್ಲೂ ಇರಲಿ. ಮುಂದಿನ ಸಭೆ ಶುರುವಾಗುವುದು ಸ್ವಾಗತ ಭಾಷಣದಿಂದ ಬೇಡ, ಆ ಪುಟ ಓದುವುದರಿಂದ ಆಗಲಿ.

ಮುಂದಿನ ಸಭೆಗೆ ದಿನ ಗೊತ್ತುಮಾಡುವ ಮುಂಚೆ ಒಂದು ಜಿಲ್ಲೆಯನ್ನು ಆರಿಸಿಕೊಂಡು ಹೀಗೆ ಮಾಡಿ ನೋಡಿ. ಕರೆಯಬೇಕಾದವರ ಪಟ್ಟಿ ಮಾಡಲು, ಫೋನ್ ಮಾಡಲು, ಎರಡು ಪುಟದ ಟಿಪ್ಪಣಿ ಕನ್ನಡದಲ್ಲಿ ಬರೆದುಕೊಡಲು ನಾನು ಸಂಭಾವನೆ ಇಲ್ಲದೆ ಬರುತ್ತೇನೆ. ನನ್ನ ಹಾಗೆ ಈ ಕೆಲಸ ಮಾಡುವ ಗೆಳತಿಯರೂ ಬರುತ್ತಾರೆ. ಒಂದು ಷರತ್ತು ಮಾತ್ರ ಇದೆ. ಆ ಉತ್ತರದ ಪುಟಕ್ಕೆ ಯಾರು ಸಹಿ ಹಾಕುತ್ತಾರೆ ಅನ್ನುವುದನ್ನು ಸಭೆಗೆ ಮುಂಚೆಯೇ ಹೇಳಿಬಿಡಿ.

ಇಂತಿ ನಿಮ್ಮ ವಿಶ್ವಾಸಿ,
ಸಭೆ ನಡೆಸಿಕೊಡುವ ಒಬ್ಬಳು,
ಧಾರವಾಡ